ಪಥ್ಯ ಬಿಡಿಸುವ ಕೈ

ನಮ್ಮದು ಮಳೆಗೆ ಬರ ಬಂದರೂ ಉಪದೇಶಕ್ಕೆ ಬರ ಬಾರದ ಸೀಮೆ. ಎದೆಯುರಿ ಎಂದು ಬಾಯಿ ಬಿಟ್ಟರೆ ಸಾಕು, ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಗುರುತಿಲ್ಲದ ಹೆಂಗಸು ಜೀರಿಗೆ ನೀರು ಕುಡಿ ಎನ್ನುತ್ತಾಳೆ. ಹಿಂದಿನ ಸೀಟಿನವಳು ಅದು ಬೇಡ, ಮಜ್ಜಿಗೆಗೆ ಶುಂಠಿ ಹಾಕು ಎನ್ನುತ್ತಾಳೆ. ಇಬ್ಬರೂ ಇಳಿಯುವ ಹೊತ್ತಿಗೆ ಕಂಡಕ್ಟರು ತನ್ನ ಅತ್ತೆಗೆ ವಾಸಿಮಾಡಿದ ಬೇರಿನ ಹೆಸರು ಹೇಳುತ್ತಾನೆ. ಇದರಲ್ಲಿ ನಾನೂ ಕಡಿಮೆಯವಳಲ್ಲ. ನಾಲ್ಕು ವರ್ಷ ರಾಯದುರ್ಗದ ಒಂದು ಹೊಲಿಗೆ ಶೆಡ್ಡಿನಲ್ಲಿ ಕೂತು, ಕೇಳಿದವರಿಗೆಲ್ಲ ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳಿದ್ದೇನೆ. ಹೇಳಿದ್ದರಲ್ಲಿ ಹೆಚ್ಚಿನದು ಸರಿಯೇ ಇತ್ತು. ಒಂದು ಮಾತ್ರ ತಪ್ಪಾಗಿತ್ತು, ಅದು ಗೊತ್ತಿದ್ದೇ ಹೇಳಿದ ತಪ್ಪು.

ನಾನು ಮಡಕಶಿರಾ ಕಡೆಯ ರತ್ನಗಿರಿ ಕೋಟೆಯ ಬುಡದ ಹಳ್ಳಿಯವಳು. ಮದುವೆಯಾಗಿ ರಾಯದುರ್ಗಕ್ಕೆ ಬಂದೆ. ಮೂರನೆಯ ವರ್ಷಕ್ಕೆ ಗಂಡ ಇನ್ನೊಂದು ಮನೆ ನೋಡಿಕೊಂಡ, ಹೊಲಿಗೆ ಮಿಷನ್ನು ನನ್ನ ಹತ್ತಿರ ಉಳಿಯಿತು. ಇಬ್ಬರಲ್ಲಿ ಮಾತು ಕೇಳುತ್ತಿದ್ದದ್ದು ಮಿಷನ್ನೇ ಎಂದು ನಗುತ್ತಾ ಹೇಳಿಕೊಂಡು ತಿರುಗಿದೆ. ಆಮೇಲೆ ಜೀನ್ಸ್ ಶೆಡ್ಡು ಸೇರಿದೆ. ಬಳ್ಳಾರಿಯಿಂದ ಕತ್ತರಿಸಿದ ಬಟ್ಟೆ ಗಂಟುಗಂಟಾಗಿ ಬರುತ್ತದೆ, ನಾನು ಸೊಂಟಪಟ್ಟಿ ಕೂಡಿಸುತ್ತೇನೆ. ಇಪ್ಪತ್ತು ವರ್ಷವಾಯಿತು. ಊರಿಗೆ ಹೋದರೆ ರಾಯದುರ್ಗದವಳು ಬಂದಳು ಎನ್ನುತ್ತಾರೆ, ಇಲ್ಲಿ ಇನ್ನೂ ಮಡಕಶಿರಾದಾಕೆ ಎನ್ನುತ್ತಾರೆ. ಬಾಡಿಗೆಯ ಒಂದು ಕೋಣೆಯಲ್ಲಿ ರಾತ್ರಿ ಒಬ್ಬಳೇ ಮುದ್ದೆ ತಿರುವುವಾಗ ಮಾತ್ರ ನಾನು ಯಾವ ಊರಿನವಳು ಎಂದು ಯಾರೂ ಕೇಳುವುದಿಲ್ಲ.

ಆದರೆ ಮಧ್ಯಾಹ್ನದ ಊಟ ಬೇರೆ ಇತ್ತು. ನಮ್ಮ ಶೆಡ್ಡಿನಲ್ಲಿ ಹೆಂಗಸರದ್ದೊಂದು ಪದ್ಧತಿ ಇದೆ. ಮಿಷನ್ನು ನಿಂತ ಕೂಡಲೇ ಎಂಟು ಮಂದಿ ದುಂಡಗೆ ಕೂರುತ್ತೇವೆ. ಡಬ್ಬಿ ಅವರವರ ಮುಂದೆಯೇ ಇರುತ್ತದೆ, ಮುಚ್ಚಳ ಮಾತ್ರ ಬಲಗಡೆಗೆ ತಿರುಗುತ್ತದೆ. ಒಬ್ಬೊಬ್ಬರೂ ತಮ್ಮ ಡಬ್ಬಿಯಿಂದ ಒಂದೊಂದು ಚಿಟಿಕೆ, ಒಂದೊಂದು ತುತ್ತು ಹಾಕಿ ಮುಂದಕ್ಕೆ ದಾಟಿಸುತ್ತಾರೆ. ಸುತ್ತು ಮುಗಿಸಿ ನಮ್ಮ ಮುಚ್ಚಳ ನಮ್ಮ ಹತ್ತಿರ ಬರುವಾಗ ಅದರಲ್ಲಿ ಏಳು ಮನೆಯ ಅಡುಗೆ ಇರುತ್ತದೆ. ಯಾರ ಮನೆಯಲ್ಲಿ ನೆಂಟರು ಬಂದಿದ್ದಾರೆ, ಯಾರು ಬೆಳಿಗ್ಗೆ ಜಗಳವಾಡಿ ಒಗ್ಗರಣೆ ಹಾಕಲು ಮರೆತಿದ್ದಾರೆ, ಎಲ್ಲವೂ ಮುಚ್ಚಳ ನೋಡಿದರೆ ಗೊತ್ತಾಗುತ್ತಿತ್ತು.

ನನ್ನ ಎಡಗಡೆ ಕೂರುತ್ತಿದ್ದವಳು ಪಕ್ಕದ ಮಿಷನ್ನಿನಾಕೆ, ಜೇಬು ಹೊಲಿಯುವವಳು. ಇದೇ ಊರಿನವಳು, ನನಗಿಂತ ಎಂಟು ಹತ್ತು ವರ್ಷ ಚಿಕ್ಕವಳು. ದಿನವೂ ಜೋಳದ ರೊಟ್ಟಿ ತರುತ್ತಿದ್ದಳು, ಜೊತೆಗೆ ಕೆಂಪಗೆ ಕುಟ್ಟಿದ ಶೇಂಗಾ ಪುಡಿ. ಅದರ ಖಾರಕ್ಕೆ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ನಾನು ಮೊದಲು ಬೆರಳಿಡುತ್ತಿದ್ದದ್ದು ಅದಕ್ಕೇ. ಅವಳು ಅದನ್ನು ಯಾವಾಗಲೂ ಮುಚ್ಚಳದ ಅಂಚಿಗೆ ಹಾಕುತ್ತಿದ್ದಳು, ಬೇರೆ ಪಲ್ಯದ ನೀರು ತಾಗದ ಹಾಗೆ.

ಮೂಲವ್ಯಾಧಿ ಬಂದದ್ದು ಆ ಖಾರದಿಂದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಶೆಡ್ಡಿನ ಪಾಯಖಾನೆ ಹಿತ್ತಲಿನ ಕೊನೆಯಲ್ಲಿ, ಗಂಡಸರು ಬೀಡಿ ಸೇದುವ ಜಾಗ ದಾಟಿ ಹೋಗಬೇಕು. ಹಾಗಾಗಿ ನಾವು ಬೆಳಿಗ್ಗೆಯಿಂದ ಸಂಜೆವರೆಗೆ ನೀರು ಮುಟ್ಟುತ್ತಿರಲಿಲ್ಲ. ಬಂದದ್ದನ್ನು ತಡೆದು, ಬಾರದ್ದಕ್ಕೆ ಮುಕ್ಕಿರಿದು ಇಷ್ಟು ವರ್ಷ ಕೂತರೆ ಯಾವ ಮೈ ತಾನೇ ಸುಮ್ಮನಿರುತ್ತದೆ? ರಕ್ತ ಕಂಡ ಮೇಲೆ ಹೆದರಿದೆ. ಇಲ್ಲಿ ಯಾರಿಗೆ ಹೇಳಿದರೂ ಶೆಡ್ಡಿಗೆಲ್ಲ ಸುದ್ದಿ ಎಂದು, ಎರಡು ಬಸ್ಸು ಬದಲಿಸಿ ಮಡಕಶಿರಾಕ್ಕೆ ಹೋದೆ. ಅಲ್ಲಿ ಒಬ್ಬ ವಯಸ್ಸಾದ ವೈದ್ಯರು ಮನೆಯ ಪಡಸಾಲೆಯಲ್ಲೇ ಕೂತು ನಾಡಿ ನೋಡುತ್ತಿದ್ದರು. ನಮ್ಮಮ್ಮನಿಗೂ ಔಷಧಿ ಕೊಟ್ಟವರು.

ಅವರು ಕಾಯಿಲೆಯನ್ನು ಕೇಳಲೇ ಇಲ್ಲ. ಏನು ಉಣ್ಣುತ್ತೀ, ಎಷ್ಟು ಹೊತ್ತಿಗೆ, ನೀರು ಎಷ್ಟು, ಯಾರ ಜೊತೆ ಎಂದು ಕೇಳಿದರು. ಮಧ್ಯಾಹ್ನ ಎಂಟು ಜನ, ರಾತ್ರಿ ಒಬ್ಬಳೇ ಎಂದೆ. ಆಮೇಲೆ ಚೀಟಿ ಬರೆದರು. ಗಡಿ ಸೀಮೆಯಲ್ಲವೇ, ಮಾತೆಲ್ಲ ಕನ್ನಡ, ಚೀಟಿ ತೆಲುಗು. ನಾನೂ ಓದಿದ್ದು ತೆಲುಗು ಶಾಲೆಯಲ್ಲೇ, ಅದಕ್ಕೇನೂ ತೊಡಕಿಲ್ಲ. ಮೆಣಸಿನಕಾಯಿ, ಹುಣಸೆಹುಳಿ, ಬದನೆಕಾಯಿ, ಶೇಂಗಾ, ಬಾಡು ಬಂದ್. ಮುದ್ದೆ, ಸೊಪ್ಪು, ಪಡವಲಕಾಯಿ, ಸುವರ್ಣಗಡ್ಡೆ, ಬೆಣ್ಣೆ ತೆಗೆದ ಮಜ್ಜಿಗೆ. ವಾರಕ್ಕೊಮ್ಮೆ ಹರಳೆಣ್ಣೆ. ಯಾರು ನೋಡಿದರೂ ಸರಿ, ನೀರು ಕುಡಿ, ತಡೆಯಬೇಡ. ನಲವತ್ತೆಂಟು ದಿನ ಔಷಧಿ, ಆಮೇಲೆ ಅಷ್ಟೇ ದಿನ ಮರುಪಥ್ಯ.

ಎದ್ದು ನಿಂತಾಗ ಚೀಟಿಯ ಮೇಲೆ ಬೆರಳಿಟ್ಟು ಹೇಳಿದರು: "ಇದು ನಿನ್ ಮೈಗೆ ಬರ್ದಿರೋದು ಕಣಮ್ಮ. ಇನ್ನೊಬ್ರಿಗೆ ಕೊಡ್ಬೇಡ. ಮುಗಿದ್ ದಿನ ನೀನೇ ಬಡಿಸ್ಕೊಂಡು ಪಥ್ಯ ಬಿಡ್ಬೇಡ. ಬೇರೆಯವ್ರ ಕೈಲಿ ಒಂದು ತುತ್ತು ಹಾಕಿಸ್ಕೊ."

ಇದು ನಮ್ಮ ಕಡೆಯ ರೂಢಿ, ನನಗೂ ಗೊತ್ತಿತ್ತು. ಬಾಣಂತಿಯ ಪಥ್ಯವನ್ನು ತಾಯಿ ಬಿಡಿಸುತ್ತಾಳೆ, ಗಂಡನದ್ದನ್ನು ಹೆಂಡತಿ. ತಾನೇ ಬಿಟ್ಟವನು ನಾಲಗೆಯ ಚಪಲಕ್ಕೆ ಹೊಟ್ಟೆ ಬಿರಿಯುವಷ್ಟು ತಿಂದು ಮತ್ತೆ ಮಲಗುತ್ತಾನೆ, ಬೇರೆ ಕೈ ಇದ್ದರೆ ಅಳತೆ ಇರುತ್ತದೆ ಎಂದು ಹಿರಿಯರ ಲೆಕ್ಕಾಚಾರ. ಹೂಂ ಎಂದು ಬಂದೆ. ಬಿಡಿಸುವುದಕ್ಕೆ ಏಳು ಕೈ ಇದೆಯಲ್ಲ ಎಂದುಕೊಂಡೆ.

ಪಥ್ಯದವರು ಸುತ್ತಿನಲ್ಲಿ ಕೂರುವ ಹಾಗಿಲ್ಲ. ವಾಸನೆಗೆ ಅವರಿಗೆ ಆಸೆ, ನೋಡಿಕೊಂಡು ತಿಂದವರಿಗೆ ಪಾಪ. ಬಟ್ಟೆಯ ಗಂಟುಗಳ ಹತ್ತಿರ ಕಿಟಕಿ ಪಕ್ಕ ಕೂತು ಉಂಡೆ. ತೊಂಬತ್ತಾರು ದಿನ, ಒಂದು ದಿನವೂ ತಪ್ಪಲಿಲ್ಲ. ಹಟದಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಮೈ ಹಗುರಾಯಿತು, ರಕ್ತ ನಿಂತಿತು. ತೊಂಬತ್ತೇಳನೆಯ ದಿನ ತಲೆಗೆ ಎಣ್ಣೆ ಹಚ್ಚಿ ಎರೆದುಕೊಂಡು, ಮುಚ್ಚಳ ತಿಕ್ಕಿ ತೊಳೆದು, ಸುತ್ತಿಗೆ ಹೋಗಿ ನನ್ನ ಜಾಗದಲ್ಲಿ ಕೂತೆ. ಮುಚ್ಚಳ ಮುಂದಿಟ್ಟೆ. ಅದು ಹೋದ ಹಾಗೆಯೇ ಖಾಲಿ ತಿರುಗಿ ಬಂತು. ಪಕ್ಕದ ಮಿಷನ್ನಿನಾಕೆ ಅದನ್ನು ನನ್ನ ತೊಡೆಯ ಮೇಲಿಟ್ಟು, ನಿಮಗೆ ಆಗುವುದಿಲ್ಲವಲ್ಲ ಅಕ್ಕ, ಸುಮ್ಮನೆ ಹಾಕಿ ಪಾಪ ಯಾಕೆ ಕಟ್ಟಿಕೊಳ್ಳಲಿ ಎಂದಳು. ಪ್ರೀತಿಯಿಂದಲೇ ಹೇಳಿದಳು.

ನಿನ್ನೆಗೆ ಮುಗಿಯಿತು ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನಾನು ಹೇಳಲಿಲ್ಲ. ಇಷ್ಟು ದಿನದಲ್ಲಿ ಒಬ್ಬರಾದರೂ ನಿನ್ನ ಪಥ್ಯ ಎಂದಿಗೆ ಮುಗಿಯುತ್ತದೆ ಎಂದು ಕೇಳಲಿಲ್ಲವಲ್ಲ ಎಂದು ಸಿಟ್ಟು ಬಂತು. ಕೇಳಿ ಇಸಿದುಕೊಂಡು ತಿನ್ನುವ ಮನೆತನವಲ್ಲ ನಮ್ಮದು. ಹೌದು, ಆಗುವುದಿಲ್ಲ ಎಂದು ಎದ್ದು ಕಿಟಕಿಯ ಹತ್ತಿರ ಹೋದೆ. ಅವರು ಕೇಳಲಿ ಎಂದು ನಾನು, ನಾನು ಹೇಳಲಿ ಎಂದು ಅವರು. ಹೀಗೆ ನಾಲ್ಕು ವರ್ಷವಾಯಿತು. ಮನೆಯಲ್ಲಿ ಒಬ್ಬಳೇ ಇರುವಾಗಲೂ ನಾನು ಮೆಣಸಿನಕಾಯಿ ಮುಟ್ಟಲಿಲ್ಲ. ಬಿಡಿಸುವ ಕೈ ಇಲ್ಲದ ಮೇಲೆ ಪಥ್ಯ ಬಿಟ್ಟ ಹಾಗೆ ಹೇಗಾಗುತ್ತದೆ?

ಆ ನಾಲ್ಕು ವರ್ಷದಲ್ಲಿ ನನಗೆ ಪಥ್ಯದಕ್ಕ ಎಂದು ಹೆಸರು ಬಿತ್ತು. ಒಬ್ಬೊಬ್ಬರಾಗಿ ಕಿಟಕಿಗೆ ಬಂದು ಕೇಳುತ್ತಿದ್ದರು. ರಾತ್ರಿ ಮೊಸರು ಬೇಡ ಎಂದೆ, ಹಸಿವಾಗದೆ ಉಣ್ಣಬೇಡಿ ಎಂದೆ, ಬೇಸಿಗೆಯಲ್ಲಿ ಕೊತ್ತಂಬರಿ ಬೀಜ ನೆನೆಸಿದ ನೀರು, ನೆಗಡಿಗೆ ಮೆಣಸು ಬೆಲ್ಲದ ಕಷಾಯ. ಪಾಯಖಾನೆಗೆ ಇಬ್ಬಿಬ್ಬರು ಜೊತೆಯಾಗಿ ಹೋಗಿ, ಆದರೆ ಹೋಗಿ ಎಂದೆ. ಕೇಳಿಕೊಂಡು, ತಲೆಯಾಡಿಸಿ, ಅವರು ಸುತ್ತಿಗೆ ವಾಪಸು ಹೋಗುತ್ತಿದ್ದರು. ನಾನು ಕಿಟಕಿಯಾಚೆ ಬೆಟ್ಟದ ಕೋಟೆ ಗೋಡೆ ನೋಡುತ್ತಾ ಪಡವಲಕಾಯಿ ಅಗಿಯುತ್ತಿದ್ದೆ. ಬೇಸರವಾಗುತ್ತಿತ್ತು ಎಂದರೆ ಕಡಿಮೆಯಾಯಿತು. ಆ ಅರ್ಧ ಗಂಟೆಗೆ ನಾನು ಬೆಳಿಗ್ಗೆಯಿಂದಲೇ ಹೆದರುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಪಕ್ಕದ ಮಿಷನ್ನಿನಾಕೆ ಬಂದಳು. ಊಟವಾದ ಮೇಲೆ ಎದೆಯುರಿ, ಹುಳಿ ತೇಗು. ಕಾರಣ ನನಗೆ ಕಣ್ಣೆದುರಿಗೇ ಇತ್ತು. ಬೆಳಿಗ್ಗೆ ಏನೂ ತಿನ್ನದೆ ಬಂದು, ಮಧ್ಯಾಹ್ನದೊಳಗೆ ಐದು ಸಲ ಚಹಾ ಕುಡಿಯುತ್ತಾಳೆ. ಚಹಾ ಕಡಿಮೆ ಮಾಡು, ಬರುವ ಮುಂಚೆ ಅರ್ಧ ರೊಟ್ಟಿ ತಿನ್ನು ಎಂದರೆ ಮುಗಿಯುತ್ತಿತ್ತು. ಬಾಯಿಗೂ ಬಂದಿತ್ತು. ಅಷ್ಟರಲ್ಲಿ ಅವಳು, ನಿಮ್ಮ ಹಾಗೇ ಪಥ್ಯ ಮಾಡಿಬಿಡಲೇನು ಅಕ್ಕ ಎಂದು ಕೇಳಿದಳು. ಪಥ್ಯ ಮಾಡಿದರೆ ಇವಳು ಕಿಟಕಿಯ ಹತ್ತಿರ ಕೂರುತ್ತಾಳೆ ಎಂದು ಹೊಳೆಯಿತು. ಪರ್ಸಿನಿಂದ ಮಾಸಿದ ಚೀಟಿ ತೆಗೆದು ಓದಿ ಹೇಳಿದೆ. ಹರಳೆಣ್ಣೆಯನ್ನೂ ಬಿಡಲಿಲ್ಲ.

ಆ ಒಂದು ತಿಂಗಳು ನಾನು ಎಷ್ಟು ಸುಖವಾಗಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಅವಳಿಗೆಂದು ಮೊದಲೇ ಎದ್ದು ಮಜ್ಜಿಗೆ ಕಡೆಯುತ್ತಿದ್ದೆ. ಇಬ್ಬರೂ ಗಂಟುಗಳಿಗೆ ಒರಗಿ ಕೂತು ಮಾತಾಡುತ್ತಿದ್ದೆವು. ಮಗಳ ಕಾಲೇಜು, ಅತ್ತೆಯ ಮಂಡಿನೋವು, ಎಲ್ಲವನ್ನೂ ಹೇಳುತ್ತಿದ್ದಳು. ಮುದ್ದೆ ನುಂಗಲು ಬಾರದೆ ಅಗಿಯುತ್ತಿದ್ದಳು, ಅದನ್ನು ನೋಡಿ ನಾನು ನಗುತ್ತಿದ್ದೆ. ರೊಟ್ಟಿಯ ಮೈ ಅದು, ಮುದ್ದೆಗೆ ಒಗ್ಗಲಿಲ್ಲ. ಬರಬರುತ್ತಾ ಮುದ್ದೆ ಬಿಟ್ಟು ಬರೀ ಮಜ್ಜಿಗೆ ಕುಡಿದು ಏಳುತ್ತಿದ್ದಳು. ವಾರವಾರ ಹರಳೆಣ್ಣೆ ಅವಳಲ್ಲಿ ಇದ್ದದ್ದನ್ನೂ ಇಳಿಸುತ್ತಿತ್ತು. ರವಿಕೆ ತೋಳಿನಲ್ಲಿ ಸಡಿಲವಾದದ್ದು ಹೊಲಿಯುವವಳಾದ ನನಗೆ ಕಾಣಲಿಲ್ಲ ಎಂದರೆ ಸುಳ್ಳು. ಕಂಡಿತ್ತು. ನಾಳೆ ಹೇಳೋಣ ಎಂದುಕೊಂಡೆ, ದಿನವೂ ನಾಳೆ.

ಒಂದು ಬೆಳಿಗ್ಗೆ ಅವಳಿಗೆ ಕಣ್ಣು ಕತ್ತಲೆ ಬಂತು. ಮಿಷನ್ನು ಓಡುತ್ತಲೇ ಇತ್ತು, ಸೂಜಿ ತೋರುಬೆರಳ ಉಗುರಿನೊಳಗೆ ಇಳಿಯಿತು. ಸೂಜಿ ಬಿಡಿಸಿದವಳು ನಾನೇ. ಅವಳು ಕೂಗಲಿಲ್ಲ, ನೀರು ಕೇಳಿದಳು. ನೀರು ಕುಡಿಸಿ ಬೆರಳಿಗೆ ಬಟ್ಟೆ ಸುತ್ತಿದೆ. ನಾಲ್ಕು ದಿನ ಮನೆಯಲ್ಲಿದ್ದು ಬಂದವಳು ಮಧ್ಯಾಹ್ನ ಮತ್ತೆ ಕಿಟಕಿಯ ಹತ್ತಿರಕ್ಕೇ ಬಂದು ಕೂತು, ಇನ್ನೆಷ್ಟು ದಿನವಿದೆ ಅಕ್ಕ ಎಂದು ಕೇಳಿದಳು.

ಆಗ ಹೇಳಿದೆ. ನಿನಗೆ ಈ ಪಥ್ಯ ಬೇಕಿರಲಿಲ್ಲ, ಚಹಾ ಬಿಟ್ಟಿದ್ದರೆ ಸಾಕಿತ್ತು. ಚೀಟಿ ನನ್ನ ಮೈಗೆ ಬರೆದದ್ದು, ಯಾರಿಗೂ ಕೊಡಬೇಡ ಎಂದಿದ್ದರು. ನನ್ನ ಪಥ್ಯ ನಾಲ್ಕು ವರ್ಷದ ಹಿಂದೆಯೇ ಮುಗಿದಿತ್ತು. ಜೊತೆಗೆ ಕೂರುವವರು ಬೇಕಾಗಿತ್ತು, ಅದಕ್ಕೆ ಕೊಟ್ಟೆ. ಇಷ್ಟನ್ನೂ ಹೇಳಿ, ಬೆಳಿಗ್ಗೆ ಅಂಗಡಿಯಿಂದ ತಂದಿದ್ದ ಜೋಳದ ರೊಟ್ಟಿಯನ್ನು ಮುರಿದು ಅವಳ ಮುಚ್ಚಳಕ್ಕೆ ಹಾಕಿದೆ. ಅವಳ ಪಥ್ಯ ಬಿಡಿಸುವುದಾದರೂ ನನ್ನ ಕೈಯಲ್ಲಿತ್ತು.

ಅವಳು ಮುಚ್ಚಳವನ್ನು ತನ್ನ ಕಡೆಗೆ ಎಳೆದುಕೊಂಡಳು. "ನಾಕು ವರ್ಷ ನಿಮ್ಮ ಮುಂದ ಉಣ್ಣಾಕ ನಾಚಿಕೊಂಡು ಕುಂತೀವ್ರಿ ನಾವು," ಎಂದಳು. "ಮುಗದೈತಿ ಅಂತ ಒಂದು ಮಾತು ಹೇಳಾಕ ನಿಮಗ ಏನಾಗಿತ್ರಿ? ನೀವು ಕರದಿದ್ರ ಖಾರ ಉಣಕೋತನೂ ನಾ ಇಲ್ಲೇ ಬಂದು ಕುಂದರತಿದ್ದೆ."

ರೊಟ್ಟಿ ತಿಂದಳು, ಒಂದು ಚೂರೂ ಬಿಡಲಿಲ್ಲ. ಅನ್ನಕ್ಕೆ ಅವಮಾನ ಮಾಡುವವಳಲ್ಲ. ಆಮೇಲೆ ಡಬ್ಬಿ ತೆಗೆದುಕೊಂಡು ಎದ್ದು ಸುತ್ತಿಗೆ ಹೋದಳು. ನನ್ನನ್ನು ಕರೆಯಲಿಲ್ಲ. ಸುತ್ತಿನಲ್ಲಿ ಏನು ಹೇಳಿದಳೋ ಗೊತ್ತಿಲ್ಲ. ಕೆಟ್ಟದ್ದನ್ನೇನೂ ಹೇಳಿರಲಿಕ್ಕಿಲ್ಲ, ಯಾಕೆಂದರೆ ಮಾರನೆಯ ದಿನ ಹಿರಿಯಳೊಬ್ಬಳು ಕಿಟಕಿಗೆ ಬಂದು, ಪಥ್ಯ ಮುಗಿದಿದೆಯಂತಲ್ಲ, ಬಾ ಎಂದು ಕೈ ಹಿಡಿದು ಎಬ್ಬಿಸಿದಳು.

ನನ್ನ ಜಾಗ ಹಾಗೆಯೇ ಇತ್ತು. ಮುಚ್ಚಳ ಇಟ್ಟೆ, ಬಲಗಡೆಗೆ ಹೊರಟಿತು. ಚಿತ್ರಾನ್ನ, ಹೆಸರುಕಾಳು, ಪುಂಡಿ ಸೊಪ್ಪು, ಹಿಟ್ಟಿನ ಪಲ್ಯ, ಉಪ್ಪಿನಕಾಯಿ, ಮಂಡಕ್ಕಿ ಒಗ್ಗರಣೆ ಬಿದ್ದವು. ಕೊನೆಗೆ ನನ್ನ ಎಡಗಡೆಯವಳ ಕೈಗೆ ಬಂತು. ಬೆರಳಿಗೆ ಇನ್ನೂ ಬಟ್ಟೆ ಸುತ್ತಿತ್ತು. ಎದುರಿಗೆ ಶೇಂಗಾ ಪುಡಿಯ ಡಬ್ಬಿ ತೆರೆದೇ ಇತ್ತು. ಅವಳು ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು, ತನ್ನದೇನೂ ಹಾಕದೆ, ಏನೂ ಚೆಲ್ಲದ ಹಾಗೆ, ನನ್ನ ಮುಂದೆ ಇಟ್ಟಳು.

ಆರು ಮನೆಯ ತುತ್ತು ಉಂಡೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಎಲ್ಲರೂ ನಕ್ಕರು, ನಾನೂ ನಕ್ಕೆ. ಮೂರು ತಿಂಗಳಾಯಿತು. ಈಗ ದಿನವೂ ಸುತ್ತಿನಲ್ಲೇ ಕೂರುತ್ತೇನೆ. ಅವಳು ಚಹಾ ಬಿಟ್ಟಿದ್ದಾಳೆ, ತೋಳು ತುಂಬಿಕೊಂಡಿದೆ, ಎದೆಯುರಿ ಇಲ್ಲವಂತೆ. ಅದೂ ಬೇರೆಯವರಿಂದ ಕೇಳಿದ್ದು. ಮುಚ್ಚಳ ತಿರುಗಿ ಬಂದಾಗ ಅದರ ಅಂಚಿನಲ್ಲಿ, ಪಲ್ಯದ ನೀರು ತಾಗದ ಕಡೆ, ಬೆರಳಗಲದ ಸ್ಟೀಲು ಖಾಲಿ ಹೊಳೆಯುತ್ತಿರುತ್ತದೆ. ಬೇರೆಯವರು ಅಲ್ಲಿ ಏನಾದರೂ ಹಾಕಿದ್ದರೆ ಪಕ್ಕಕ್ಕೆ ಸರಿಸಿ ಆ ಜಾಗ ಬಿಟ್ಟು ಉಣ್ಣುತ್ತೇನೆ.