ಹೊಲಿಗಿ ಬಾಯಾರು ಮತ್ತು ನನ್ನ ಥೈರಾಯ್ಡ್

ಹೋದ ವಾರ ಕಪಾಟಿನ ಕೆಳಗಿನ ಖಾನೆ ಖಾಲಿ ಮಾಡುವಾಗ ಹಳೆಯದೊಂದು ಖಣದ ಕುಪ್ಪಸ ಸಿಕ್ಕಿತು. ಗಿಳಿಹಸಿರು ಬಣ್ಣ, ಕೆಂಪು ಅಂಚು. ಒಳಮಗ್ಗುಲು ಹೊರಳಿಸಿದರೆ ಪಕ್ಕದಲ್ಲಿ ಸೂಜಿ ಚುಚ್ಚಿದ ಮೂರು ಸಾಲುಗಳು. ಒಂದು ತೀರ ಒಳಗೆ, ಒಂದು ಬಟ್ಟೆಯ ಅಂಚಿನಲ್ಲಿ, ಮೂರನೆಯದು ಅವೆರಡರ ನಡುವೆ. ನೆಲದ ಮೇಲೆ ಕೂತು ಬಹಳ ಹೊತ್ತು ಅದನ್ನೇ ಸವರಿದೆ. ಆ ಮೂರೂ ಸಾಲು ಹಾಕಿದ್ದು ಒಂದೇ ಕೈ.

ನಾವೆಲ್ಲ ಅವರನ್ನು ಹೊಲಿಗಿ ಬಾಯಾರು, ಅಂದರೆ ಹೊಲಿಗೆಯಮ್ಮ, ಎನ್ನುತ್ತಿದ್ದೆವು. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ನಮ್ಮ ಮನೆಯಿಂದ ನಾಲ್ಕನೆಯ ಮನೆ. ಮುಂದಿನ ಕೋಣೆಯಲ್ಲಿ ಒಂದು ಕಾಲುಮಷೀನು, ಒಂದು ಅಗಲವಾದ ಮೇಜು, ಗೋಡೆಯ ಮೇಲೆ ಮರದ ಶಿಲುಬೆ. ಐವತ್ತು ದಾಟಿದ ಒಂಟಿ ಹೆಂಗಸು. ರವಿವಾರ ಬಿಳಿ ಸೀರೆ ಉಟ್ಟು ಚರ್ಚಿಗೆ ಹೋಗುತ್ತಿದ್ದರು, ಉಳಿದ ಆರು ದಿನ ಓಣಿಯ ಹೆಂಗಸರ ಅಳತೆ ತೆಗೆಯುತ್ತಿದ್ದರು. ಕುತ್ತಿಗೆಯ ಬುಡದಲ್ಲಿ ಅಡ್ಡಕ್ಕೆ ಒಂದು ತೆಳುವಾದ ಗಾಯದ ಗೆರೆ ಇತ್ತು. ಯಾರಾದರೂ ಅದನ್ನು ದಿಟ್ಟಿಸಿದರೆ, "ಡಾಕ್ಟರು ಹಾಕಿದ ಹೊಲಿಗಿ. ನನಗಿಂತ ಛಲೋ ಹಾಕ್ಯಾರ" ಎಂದು ನಕ್ಕುಬಿಡುತ್ತಿದ್ದರು.

ನಾನು ಉಪ್ಪಿನಬೆಟಗೇರಿಯಿಂದ ಆ ಓಣಿಗೆ ಸೊಸೆಯಾಗಿ ಬಂದವಳು. ಹತ್ತಿರದ ಖಾಸಗಿ ಶಾಲೆಯಲ್ಲಿ ಕಲಿಸುತ್ತಿದ್ದೆ, ಇನ್ನೂ ಕಾಯಂ ಆಗಿರಲಿಲ್ಲ. ಮಗಳು ಹುಟ್ಟಿ ವರ್ಷ ತುಂಬುವ ಹೊತ್ತಿಗೆ ನನಗೆ ಏನೋ ಆಗತೊಡಗಿತು. ಏನೆಂದು ಹೇಳಲು ಬರುತ್ತಿರಲಿಲ್ಲ. ಎದ್ದ ಕೂಡಲೇ ಮತ್ತೆ ಮಲಗಬೇಕೆನಿಸುತ್ತಿತ್ತು. ಬಾಚಣಿಗೆ ತುಂಬ ಕೂದಲು. ಚರ್ಮ ಒಣಗಿ ಹೊಟ್ಟು ಉದುರುತ್ತಿತ್ತು. ಒಂದು ರೊಟ್ಟಿ ತಿಂದರೂ ಮೈ ಭಾರವಾಗುತ್ತ ಹೋಯಿತು. ತರಗತಿಯಲ್ಲಿ ನಿಂತಾಗ ದಿನಾ ಕರೆಯುವ ಮಕ್ಕಳ ಹೆಸರೇ ನೆನಪಾಗುತ್ತಿರಲಿಲ್ಲ... ಮುಖ್ಯೋಪಾಧ್ಯಾಯಿನಿ ಒಂದು ದಿನ ಕರೆದು, "ಹಿಂಗs ಆದ್ರ ಮುಂದಿನ ವರ್ಷಕ್ಕ ನಾವು ವಿಚಾರ ಮಾಡಬೇಕಾಗತೈತಿ ನೋಡ್ರಿ" ಎಂದರು.

ಮನೆಯಲ್ಲಿ ಅತ್ತೆ ಕೆಟ್ಟವರಲ್ಲ. ಆದರೆ ಅವರು ಹಡೆದ ತಿಂಗಳಿಗೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದವರು. ಮಧ್ಯಾಹ್ನ ನಾನು ಮಲಗಿದ್ದು ಕಂಡರೆ ಪಾತ್ರೆಯ ಸಪ್ಪಳ ಜೋರಾಗುತ್ತಿತ್ತು. "ಈಗಿನ ಹುಡಿಗ್ಯಾರಿಗೆ ನಿದ್ದಿನs ಒಂದ ರೋಗ" ಎನ್ನುತ್ತಿದ್ದರು. ನನಗೂ ಹಾಗೇ ಅನಿಸತೊಡಗಿತ್ತು. ನಾನು ಮೈಗಳ್ಳಿ ಎಂದು ನಾನೇ ಒಪ್ಪಿಕೊಂಡಿದ್ದೆ.

ಆ ಬೇಸಿಗೆಯಲ್ಲಿ, ಬಾಯಾರೇ ಹೊಲಿದುಕೊಟ್ಟಿದ್ದ ಖಣದ ಕುಪ್ಪಸ ಬಿಗಿಯಾಯಿತೆಂದು ಸಡಿಲ ಮಾಡಿಸಲು ಅವರ ಹತ್ತಿರ ಹೋದೆ. ಅವರು ಟೇಪು ಹಿಡಿದು ಬಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿ ನಿಂತರು.

"ಇಂಥಾ ಬಿಸಲಾಗ ಸ್ವೆಟರ್ ಯಾಕ ಹಾಕ್ಕೊಂಡಿ ತಂಗಿ?"

"ಚಳಿ ಆಗತೈತ್ರಿ ಬಾಯಾರ."

"ದನಿ ಯಾಕ ಹಿಂಗ ಒಡದೈತಿ?"

"ಗೊತ್ತಿಲ್ರಿ. ತಿಂದದ್ದೆಲ್ಲಾ ಮೈಗೆ ಹತ್ತೇತಿ ಅಂತ ನಮ್ಮತ್ತಿ ಅಂತಾರ್ರಿ."

ಅವರು ನನ್ನ ಗದ್ದವನ್ನು ಮೆಲ್ಲಗೆ ಎತ್ತಿ ಬೆಳಕಿನ ಕಡೆ ತಿರುಗಿಸಿದರು. "ಉಗುಳು ನುಂಗು ನೋಡೂಣು" ಎಂದರು. ನುಂಗಿದೆ. ಇನ್ನೊಮ್ಮೆ ನುಂಗಿಸಿದರು. "ತಿಂದದ್ದು ಸೊಂಟಕ್ಕ ಹತ್ತತೈತಿ, ಕುತ್ತಿಗಿಗೆ ಹತ್ತಂಗಿಲ್ಲ. ಇಲ್ಲೆ ಬಾವು ಐತಿ. ನಡಿ, ನಿಮ್ಮ ಮನಿಗೆ ಹೋಗೂಣು" ಎಂದು ಟೇಪನ್ನು ಮೇಜಿನ ಮೇಲಿಟ್ಟು ಚಪ್ಪಲಿ ಮೆಟ್ಟಿಕೊಂಡರು.

ನಮ್ಮ ಅತ್ತೆಯ ಎದುರು ಹಾಗೆ ಕೂತು ಮಾತಾಡಿದವರನ್ನು ನಾನು ಮೊದಲು ಕಂಡಿರಲಿಲ್ಲ.

"ಅಕ್ಕಾರ, ನಾ ಹೊಲಿಯಾಕಿ, ಡಾಕ್ಟರಲ್ಲ. ಆದ್ರ ಮಷೀನಿನ ಬೆಲ್ಟ್ ಸಡಲಾತಂದ್ರ ಕಾಲಿಂದ ಎಷ್ಟ ತುಳದ್ರೂ ಸೂಜಿ ಓಡಂಗಿಲ್ಲ. ಅದಕ್ಕ ಸೂಜೀನ ಮೈಗಳ್ಳ ಅಂತೀರೇನ್ರಿ? ಒಂದ ಸಲಾ ರಕ್ತ ತಪಾಸಣಿ ಮಾಡಸ್ರಿ. ಏನೂ ಇಲ್ಲಂತ ಬಂದ್ರ ನನಗ ಬೈರಿ."

ಮರುದಿನ ಮುಂಜಾನೆ ಅತ್ತೆ ಮಗನಿಗೆ, "ಆಕಿನ್ನ ಕರಕೊಂಡ ಹೋಗಿ ಬಾ" ಎಂದರು.

ತಪಾಸಣೆಯ ಕಾಗದದಲ್ಲಿ ಟಿ.ಎಸ್.ಎಚ್. ಬಹಳ ಹೆಚ್ಚಾಗಿತ್ತು. ಹೆಚ್ಚಾಗಿದೆ ಎಂದರೆ ಗ್ರಂಥಿ ಹೆಚ್ಚು ಕೆಲಸ ಮಾಡುತ್ತಿದೆ ಎಂದು ನಾನು ತಿಳಿದಿದ್ದೆ. ಡಾಕ್ಟರು, ವಯಸ್ಸಾದ ಹೆಣ್ಣುಮಗಳು, ಸಮಾಧಾನದಿಂದ ಬಿಡಿಸಿ ಹೇಳಿದರು. ಗಂಟಲಿನ ಗ್ರಂಥಿ ನಿಧಾನವಾದಾಗ ಮಿದುಳು ಅದಕ್ಕೆ ಮತ್ತೆ ಮತ್ತೆ ಕೂಗಿ ಹೇಳುತ್ತದೆ, ಹೆಚ್ಚಾದದ್ದು ಆ ಕೂಗು. ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಒಂದೇ ಒಂದು ಗುಳಿಗೆ, ಆಮೇಲೆ ಅರ್ಧ ತಾಸಾದರೂ ಏನೂ ಬೇಡ, ಚಹಾ ಕೂಡ. ಆರು ವಾರ ಬಿಟ್ಟು ಮತ್ತೆ ರಕ್ತ ತಪಾಸಣೆ.

ಮರುದಿನದಿಂದ ಅತ್ತೆಯೇ ಗುಳಿಗೆ ಮತ್ತು ನೀರಿನ ಲೋಟ ತಂದು ಕೊಡತೊಡಗಿದರು. ಒಮ್ಮೆ ನಾನು ಚಹಾಕ್ಕೆ ಕೈ ಚಾಚಿದರೆ, "ಇನ್ನೂ ಅರ್ಧ ತಾಸ ಆಗಿಲ್ಲ" ಎಂದು ಕಪ್ಪು ಹಿಂದೆ ಸರಿಸಿದರು. ಅದು ಅವರು ನನ್ನ ಕ್ಷಮೆ ಕೇಳಿದ ರೀತಿ ಎಂದು ಇಂದಿಗೂ ನಂಬಿದ್ದೇನೆ.

ಎರಡು ತಿಂಗಳಲ್ಲಿ ಮಕ್ಕಳ ಹೆಸರು ನಾಲಗೆಗೆ ಮರಳಿದವು. ಮೈಯೂ ಸ್ವಲ್ಪ ಇಳಿಯಿತು. ಶಾಲೆಯಲ್ಲಿ ಕಾಯಂ ಮಾಡಿದರು. ಇಲ್ಲಿಗೆ ಮುಗಿದಿದ್ದರೆ ಇದು ಬಾಯಾರ ಕತೆ ಮಾತ್ರ ಆಗುತ್ತಿತ್ತು, ನನ್ನ ತಪ್ಪಿನ ಕತೆ ಆಗುತ್ತಿರಲಿಲ್ಲ.

ನನ್ನ ತಂಗಿಯ ಮದುವೆ ಗೊತ್ತಾಯಿತು. ಒಂದು ಗುಳಿಗೆಗೆ ಇಷ್ಟು ಇಳಿದರೆ ಎರಡಕ್ಕೆ ಎಷ್ಟು ಇಳಿದೇನು ಎಂಬ ಲೆಕ್ಕ ತಲೆ ಹೊಕ್ಕಿತು. ಅತ್ತೆ ಒಂದು ಕೊಟ್ಟು ಹೋದ ಮೇಲೆ ಯಾರಿಗೂ ಹೇಳದೆ ಇನ್ನೊಂದು ನುಂಗಿದೆ, ಆಮೇಲೆ ಮೂರಕ್ಕೇರಿಸಿದೆ. ಮೈ ಇಳಿಯಿತು, ಖರೇ. ತವರಿನವರು ಹೊಗಳಿದರು. ಆದರೆ ಮೆಟ್ಟಿಲು ಹತ್ತಿದರೆ ಎದೆ ಡವಗುಟ್ಟುತ್ತಿತ್ತು. ಫ್ಯಾನಿನ ಕೆಳಗೂ ಬೆವರು. ನಿದ್ದೆಯೇ ಇಲ್ಲ. ಒಂದು ಮುಂಜಾನೆ ಮಗಳು ಹಾಲು ಚೆಲ್ಲಿದಳು. ಎರಡು ವರ್ಷದ ಕೂಸು... ನಾನು ಅದರ ಕೆನ್ನೆಗೆ ಹೊಡೆದೆ. ಹೊಡೆದ ಕೈ ಆಮೇಲೂ ನಡುಗುತ್ತಲೇ ಇತ್ತು.

ಅದೇ ದಿನ ಸಂಜೆ, ಬೇಸಿಗೆಯಲ್ಲಿ ಬಾಯಾರು ಅಂಚಿನವರೆಗೆ ಸಡಿಲಿಸಿಕೊಟ್ಟಿದ್ದ, ಈಗ ದೊಗಳೆಯಾದ ಖಣದ ಕುಪ್ಪಸವನ್ನು ಬಿಗಿ ಮಾಡಿಸಲು ಹೋದೆ. ಬಾಯಾರು ಟೇಪು ತೆಗೆಯಲಿಲ್ಲ. "ಎರಡೂ ಕೈ ಮುಂದ ಚಾಚು" ಎಂದರು. ಅಳತೆ ಕತ್ತರಿಸಲು ಇಟ್ಟಿದ್ದ ಹಳೆಯ ಪೇಪರಿನ ಒಂದು ಹಾಳೆಯನ್ನು ನನ್ನ ಬೆರಳುಗಳ ಮೇಲೆ ಹಗುರವಾಗಿ ಇಟ್ಟರು. ಹಾಳೆ ಗಾಳಿ ಇಲ್ಲದೆಯೇ ಪಟಪಟ ನಡುಗಿತು.

"ಎಷ್ಟ ಗುಳಿಗಿ ತೊಗೊಳಾಕತ್ತೀ?"

"ಡಾಕ್ಟರ್ ಹೇಳಿದಷ್ಟರಿ."

"ಸುಳ್ಳ ಹೇಳಬ್ಯಾಡ ತಂಗಿ. ಈ ಹಾಳಿ ಆಟ ನನ್ನ ಕೈ ಮ್ಯಾಲೂ ಆಡ್ಯಾರ."

ಮೂರು ಎಂದೆ. ಅಳು ಬಂತು. ಕೂಸಿಗೆ ಹೊಡೆದದ್ದನ್ನೂ ಹೇಳಿದೆ. ಅವರು ಮಷೀನಿನ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ, ತಾವು ನೆಲದ ಮೇಲೆ ಕೂತು, ಮೊದಲ ಸಲ ಆ ಗಾಯದ ಗೆರೆಯ ಕತೆ ಹೇಳಿದರು.

ಇಪ್ಪತ್ತೆರಡರ ವಯಸ್ಸಿನಲ್ಲಿ ಅವರ ಗ್ರಂಥಿ ಮಿತಿಮೀರಿ ಓಡತೊಡಗಿತ್ತಂತೆ. ಐದು ರೊಟ್ಟಿ ತಿಂದರೂ ಎಲುಬು ಕಾಣುತ್ತಿದ್ದವು. ಸೂಜಿಗೆ ದಾರ ಪೋಣಿಸಲು ಬರದಷ್ಟು ಕೈ ನಡುಕ. ಕಣ್ಣುಗುಡ್ಡೆ ಮುಂದೆ ಬಂದವು. ಗೊತ್ತಾಗಿದ್ದ ವರನ ಕಡೆಯವರು ಆ ಕಣ್ಣು ನೋಡಿ ಹೆದರಿ ಮದುವೆ ಮುರಿದರು. ಗುಳಿಗೆಯಿಂದ ಹತೋಟಿಗೆ ಬರದೆ ಕೊನೆಗೆ ಶಸ್ತ್ರಚಿಕಿತ್ಸೆ ಆಯಿತು. ಗ್ರಂಥಿ ತೆಗೆದ ಮೇಲೆ ಜೀವನಪೂರ್ತಿ ಗುಳಿಗೆ ಬೇಕು ಎಂಬುದು ಇವರಿಗೆ ಸರಿಯಾಗಿ ತಿಳಿಯಲಿಲ್ಲ, ಬಿಟ್ಟುಬಿಟ್ಟರು. ಆಮೇಲೆ ಪೂರ್ತಿ ತಿರುವುಮುರುವು. ಮುಖ ಊದಿ, ಮಾತು ತೊದಲಿ, ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಚರ್ಚಿಗೆ ಬರುತ್ತಿದ್ದ ಒಬ್ಬ ನರ್ಸಮ್ಮ ಮನೆಗೆ ಬಂದು ನೋಡಿ ಕೈಹಿಡಿದು ಎಬ್ಬಿಸಿದರಂತೆ.

"ನಾ ಹೊಳಿ ಎರಡೂ ದಂಡಿ ಕಂಡೇನಿ. ಆ ದಂಡ್ಯಾಗೂ ಸುಖ ಇಲ್ಲ, ಈ ದಂಡ್ಯಾಗೂ ಇಲ್ಲ. ಕೂಸಿಗೆ ಹೊಡದದ್ದು ನಿನ್ನ ಸಿಟ್ಟಲ್ಲ, ಹೆಚ್ಚಾದ ಗುಳಿಗಿ. ಆದ್ರ ಗುಳಿಗಿ ನುಂಗಿದ್ದು ನೀನs."

ಎರಡನೆಯ ಮಾತನ್ನೂ ಅವರು ಬಿಡದೆ ಹೇಳಿದ್ದಕ್ಕೇ ನಾನು ಅವರನ್ನು ನಂಬಿದೆ.

ಆ ಸಂಜೆಯೇ ಡಾಕ್ಟರ ಬಳಿ ಕರೆದೊಯ್ದರು. ಹೀಗೇ ಮುಂದುವರಿದಿದ್ದರೆ ಹೃದಯದ ಬಡಿತವೇ ತಾಳ ತಪ್ಪುತ್ತಿತ್ತು ಎಂದು ಡಾಕ್ಟರು ಗದರಿಸಿದರು. ಕುಪ್ಪಸವನ್ನು ಮಾತ್ರ ಬಾಯಾರು ಮುಟ್ಟಲಿಲ್ಲ. "ಇದು ನಿನ್ನ ಅಳತಿ ಅಲ್ಲ. ನಿನ್ನ ಅಳತಿ ಬರೂತನಕ ನಾ ಸೂಜಿ ಹಚ್ಚಂಗಿಲ್ಲ" ಎಂದರು. ತಂಗಿಯ ಮದುವೆಯಲ್ಲಿ ನಾನು ಅದಕ್ಕೆ ಪಿನ್ನು ಹಾಕಿಕೊಂಡು ಓಡಾಡಿದೆ. ಮೂರನೆಯ ಸಾಲು ಬಿದ್ದದ್ದು ನಾಲ್ಕು ತಿಂಗಳ ನಂತರ.

ಮುಂದೆ ನಾವು ಧಾರವಾಡಕ್ಕೆ ಮನೆ ಬದಲಿಸಿದೆವು. ಅರ್ಧ ತಾಸಿನ ದಾರಿ. ಆದರೂ ಹೋಗುವುದು ವರ್ಷಕ್ಕೆ ಎರಡು ಸಲ, ಆಮೇಲೆ ಒಂದು ಸಲ... ಹೊಲಿಯಲು ಇಲ್ಲೇ ಹತ್ತಿರದಲ್ಲಿ ಯಾರೋ ಸಿಕ್ಕರು. ಬಾಯಾರು ಎಪ್ಪತ್ತರ ಹತ್ತಿರ ಒಂದು ಮುಂಜಾನೆ, ಚರ್ಚಿಗೆ ಹೊರಡಲು ಸೀರೆ ಉಟ್ಟು ಕುರ್ಚಿಯಲ್ಲಿ ಕೂತವರು, ಹಾಗೇ ಹೋದರು ಎಂದು ಹಳೆಯ ಓಣಿಯವರು ಫೋನು ಮಾಡಿದರು.

ಅವರ ಸ್ಮರಣೆಯ ಪ್ರಾರ್ಥನೆಗೆ ಹೋಗಿದ್ದೆ. ಕೊನೆಯಲ್ಲಿ ಪಾದ್ರಿಗಳು, ಯಾರಾದರೂ ನಾಲ್ಕು ಮಾತು ಹೇಳುವುದಿದ್ದರೆ ಹೇಳಿರಿ ಎಂದರು. ಮುಗದ ಎಂಬ ಹಳ್ಳಿಯಿಂದ ಬಂದಿದ್ದ ಒಬ್ಬ ರೈತ ಹೆಣ್ಣುಮಗಳು ಎದ್ದು ನಿಂತಳು. "ನಾ ಒಣಗಿ ಕಟಗಿ ಆಗಿದ್ದೆ. ದೇವರ ಕಾಟ ಅಂತ ಎಲ್ಲಾ ಕಡೆ ತಿರುಗ್ಯಾಡಿಸಿದ್ರು. ಜಂಪರ್ ಹೊಲಿಸಾಕ ಹೋದಾಗ ಈ ಬಾಯಿ ನನ್ನ ಕೈ ಮ್ಯಾಲೆ ಹಾಳಿ ಇಟ್ಟಳು" ಎಂದಳು. ಅವಳು ಕೂತಳು, ಇನ್ನೊಬ್ಬಳು ಎದ್ದಳು. ಕಾಲೇಜು ಹುಡುಗಿಯೊಬ್ಬಳು, ನಿವೃತ್ತ ಗುಮಾಸ್ತೆಯೊಬ್ಬರು... ಒಟ್ಟು ಐದು ಜನ. ಒಬ್ಬರಿಗೊಬ್ಬರು ಪರಿಚಯವಿಲ್ಲ. ಒಬ್ಬೊಬ್ಬರದೂ ತಮ್ಮೊಬ್ಬರದೇ ಎಂದುಕೊಂಡಿದ್ದ ಕತೆ.

"ಇನ್ನೂ ಯಾರಾದರೂ?" ಎಂದು ಪಾದ್ರಿಗಳು ಕೇಳಿದರು. ನಾನು ಮುಂದಿನ ಬೆಂಚಿನ ಅಂಚು ಹಿಡಿದು ಕೂತೇ ಇದ್ದೆ. ಎದ್ದರೆ ಮೂರು ಗುಳಿಗೆಯ ಮಾತು ಹೇಳಬೇಕು, ಕೂಸಿನ ಕೆನ್ನೆಯ ಮಾತು ಹೇಳಬೇಕು. ಮಗಳು ಪಕ್ಕದಲ್ಲೇ ಕೂತಿದ್ದಳು. ಪ್ರಾರ್ಥನೆ ಮುಗಿಯಿತು.

ಈಗ ನಾನು ಗಟ್ಟಿಯಾಗಿದ್ದೇನೆ. ದಿನಕ್ಕೊಂದು ಗುಳಿಗೆ, ಡಾಕ್ಟರು ಹೇಳಿದಾಗ ತಪಾಸಣೆ, ಹೆದರಿಕೆ ಏನೂ ಇಲ್ಲ. ಮೊನ್ನೆ ಮಗಳನ್ನು ಕೂರಿಸಿಕೊಂಡು ಅಂದು ಹೇಳದೆ ಉಳಿಸಿದ್ದನ್ನೆಲ್ಲ ಹೇಳಿದೆ. ಅವಳಿಗೆ ಆ ಏಟು ನೆನಪೇ ಇಲ್ಲ. ನಕ್ಕಳು. ಆರನೆಯವಳಾಗಿ ನಾನು ಎದ್ದು ನಿಲ್ಲಬೇಕಾಗಿದ್ದ ಜಾಗ ಮಾತ್ರ ಆ ಚರ್ಚಿನಲ್ಲಿ ಹಾಗೇ ಖಾಲಿ ಉಳಿಯಿತು.