ಎಂಜಿನ್ ಆಫ್ ಮಾಡಿ ಹೇಳುತ್ತಿದ್ದವರು

ನನ್ನ ಗಂಡನ ಹೆಸರು ಕಾಂತರಾಜು. ಅರಕಲಗೂಡಿನಲ್ಲಿ ಬರೀ ಕಾಂತರಾಜು ಎಂದರೆ ಯಾವ ಕಾಂತರಾಜು ಎಂದು ಕೇಳುತ್ತಾರೆ. ಮೈಕ್ ಕಾಂತರಾಜು ಎಂದರೆ ಮನೆಯವರೆಗೂ ಬಂದು ತೋರಿಸುತ್ತಾರೆ. ಸಂಕ್ರಾಂತಿ ಕಳೆದ ಮೇಲೆ ತೀರಿಕೊಂಡರು. ಎದೆ ಹಿಡಿದುಕೊಂಡಿತು ಎಂದರು. ಹಾಸನದ ದಾರಿಯಲ್ಲೇ ಮುಗಿಯಿತು. ಅದರ ಮೇಲೆ ಹೇಳುವುದೇನಿಲ್ಲ. ಅವರ ಕೆಲಸದ ಬಗ್ಗೆ ಹೇಳುತ್ತೇನೆ.

ಆಟೋಗೆ ಮೈಕ್ ಕಟ್ಟಿಕೊಂಡು ಊರಿಗೆ ಸುದ್ದಿ ಹೇಳುವುದು ಅವರ ಕೆಲಸ. ಹೊಸ ಬೇಕರಿ ತೆರೆದರೆ ಅವರು ಹೇಳಬೇಕು. ಬಿತ್ತನೆ ಆಲೂಗಡ್ಡೆ ಬಂದಿದೆ, ಕಣ್ಣಿನ ಶಿಬಿರ ಇದೆ, ನಾಳೆ ನಲ್ಲಿ ನೀರು ಬರುವುದಿಲ್ಲ, ಎಲ್ಲಾ ಅವರ ಬಾಯಿಂದಲೇ. ಶಿವರಾತ್ರಿ ಕಳೆದು ಬಿಸಿಲು ಏರಿತೆಂದರೆ ಕೂತು ಉಣ್ಣುವುದಕ್ಕೂ ಬಿಡುವಿಲ್ಲ. ಮದುವೆ ಜವಳಿ, ಹೊಸ ಅಂಗಡಿಗಳ ಪೂಜೆ, ಹುಡುಗರ ಕಬಡ್ಡಿ, ರಾಮನವಮಿಯ ಪಾನಕ, ಎಲ್ಲಾ ಆ ಹೊತ್ತಿಗೇ ಬರುತ್ತವೆ. ಮಾವಿನ ಮರ ಹೂ ಬಿಟ್ಟಿತೆಂದರೆ ಅವರಿಗೆ ಗಂಟಲಿಗೆ ಮೆಣಸಿನ ಕಷಾಯ ಕಾಯಿಸುವುದು ನನ್ನ ಕೆಲಸ.

ಅವರು ಹುಟ್ಟಿದ್ದು ಹೊಳೆನರಸೀಪುರದ ಕಡೆ, ಹಳೇಕೋಟೆಯಲ್ಲಿ. ಬೇಸಾಯದ ಮನೆ. ಹೊಲ ಅಣ್ಣನಿಗಿರಲಿ ಎಂದು ಬಿಟ್ಟು ಬಂದರು. ಮೊದಲು ಸೈಕಲ್. ಹಿಂದಿನ ಕ್ಯಾರಿಯರ್‌ಗೆ ಬ್ಯಾಟರಿ, ಮುಂದೆ ಮೈಕಿನ ಕಹಳೆ. ಮದುವೆಯಾದ ಹೊಸದರಲ್ಲಿ ನನಗೆ ನಾಚಿಕೆ. ಗಂಡ ಏನು ಮಾಡುತ್ತಾರೆ ಎಂದರೆ ಬೀದಿಯಲ್ಲಿ ಕೂಗುತ್ತಾರೆ ಎನ್ನಬೇಕಿತ್ತು. ನಮ್ಮ ಅಕ್ಕ ಸರಸಮ್ಮ ಕೇಳಿಯೇ ಬಿಟ್ಟಳು.

“ನಿನ್ ಗಂಡ ಮನೇಲೂ ಮೈಕಲ್ಲೇ ಮಾತಾಡ್ತಾನೇನೆ?”

ಮನೆಯಲ್ಲಿ ಅವರು ಮಾತಾಡುತ್ತಲೇ ಇರಲಿಲ್ಲ. ಮಾತೆಲ್ಲ ಬೀದಿಗೆ ಕೊಟ್ಟು ಬರುತ್ತಿದ್ದರು.

ನಾಚಿಕೆ ಹೋದದ್ದು ಅವರ ಜೊತೆ ಆಟೋದಲ್ಲಿ ಕೂತ ಮೇಲೆ. ಸೈಕಲ್ ಬಿಟ್ಟು ಕೊಂಡ ಹೊಸ ಆಟೋದಲ್ಲಿ ಮೈಕಿನ ವೈರು ಸಡಿಲವಿತ್ತು. ಹಿಂದಿನ ಸೀಟಿನಲ್ಲಿ ಯಾರಾದರೂ ಹಿಡಿದುಕೊಳ್ಳಬೇಕು. ನಾನು ಹಿಡಿದೆ. ವೈರು ಸರಿಯಾದ ಮೇಲೂ ಹೋಗುತ್ತಿದ್ದೆ.

ಅವರಿಗೆ ಒಂದು ಕ್ರಮ ಇತ್ತು. ಓಡುವ ಆಟೋದಲ್ಲಿ ಒಂದು ಮಾತನ್ನೂ ಹೇಳುತ್ತಿರಲಿಲ್ಲ. ಬೀದಿಯ ಮಧ್ಯ ಬಂದು ನಿಲ್ಲಿಸಬೇಕು. ಎಂಜಿನ್ ಆಫ್ ಮಾಡಬೇಕು. ನಾಯಿ ಬೊಗಳುತ್ತಿದ್ದರೆ ಅದು ಸುಮ್ಮನಾಗಬೇಕು. ಆಮೇಲೆ ಸುದ್ದಿ. ಒಮ್ಮೆ ಹೇಳಿ, ಇನ್ನೊಮ್ಮೆ ಹೇಳಿ, ಕೊನೆಗೆ ಊರಿಗೇ ಒಂದು ಪ್ರಶ್ನೆ ಕೇಳುತ್ತಿದ್ದರು.

“ಎಲ್ಲಿ?”

ಜಗಲಿಯ ಮೇಲೆ ಇದ್ದವರು ಯಾರಾದರೂ ಜಾಗ ಹೇಳಬೇಕು. ಹೇಳಿದರೆ ಆಟೋ ಮುಂದಕ್ಕೆ. ಹೇಳದಿದ್ದರೆ ಮೊದಲಿಂದ. ನಮ್ಮ ಬೀದಿಯಲ್ಲಿ ಜವಾಬು ಕೊಡುವುದು ಯಾವಾಗಲೂ ಎದುರು ಮನೆಯ ಸುಬ್ಬಮ್ಮ. ಬಾಯಿ ಜೋರು.

“ಕಣ್ಣಿನ ಶಿಬಿರ ಎಲ್ಲಿ?”

“ನಿಮ್ಮತ್ತೆ ಮನೇಲಿ.”

“ನಮ್ಮತ್ತೆಗೆ ಕಣ್ಣು ಚೆನ್ನಾಗವೆ ಸುಬ್ಬಕ್ಕ. ನಿಂಗೇ ಕಾಣ್ದು. ಎಲ್ಲಿ?”

“ಸರ್ಕಾರಿ ಸ್ಕೂಲಲ್ಲಿ ಕಣಪ್ಪ. ಓಗು, ಒಲೆ ಮೇಲೆ ಸಾರೈತೆ.”

ಮೈಕಿನಲ್ಲಿ ಇದೆಲ್ಲ ಮೂರು ಬೀದಿಗೆ ಕೇಳುತ್ತಿತ್ತು. ಜನ ನಗುತ್ತಿದ್ದರು. ನಕ್ಕವರಿಗೆ ಜಾಗ ಮರೆಯುತ್ತಿರಲಿಲ್ಲ.

ಇನ್ನೊಂದು, ನೋಡದ್ದನ್ನು ಹೇಳುತ್ತಿರಲಿಲ್ಲ. ಬಟ್ಟೆ ಅಂಗಡಿ ಅನಿಲ್‌ಕುಮಾರ್ ಒಂದು ಯುಗಾದಿಗೆ ಬಂದು ಅರ್ಧ ಬೆಲೆ ಎಂದು ಕೂಗಬೇಕು ಎಂದ.

“ಯಾವುದುಕ್ಕೆ ಸಾ ಅರ್ಧ ಬೆಲೆ?”

“ಅದೆಲ್ಲ ಯಾಕ್ ನಿಂಗೆ? ಅರ್ಧ ಬೆಲೆ ಅನ್ನು. ಜನ ಬರ್ಲಿ.”

ಇವರು ಅಂಗಡಿಗೆ ಹೋಗಿ ನೋಡಿದರು. ಅರ್ಧ ಬೆಲೆ ಇದ್ದದ್ದು ಕರ್ಚೀಫಿಗೆ. ಆಟೋ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಅದನ್ನೇ ಹೇಳಿದರು. ಅನಿಲ್‌ಕುಮಾರ್ ಅಂಗಡಿಯಲ್ಲಿ ಕರ್ಚೀಫ್ ಅರ್ಧ ಬೆಲೆ, ಸೀರೆ ಪೂರ್ತಿ ಬೆಲೆ, ಆದರೆ ಸೀರೆ ಚೆನ್ನಾಗಿವೆ, ನಾನೇ ನೋಡಿ ಬಂದಿದ್ದೇನೆ ಎಂದು. ಅನಿಲ್‌ಕುಮಾರ್ ಬೈದುಕೊಂಡು ಬೀದಿಗೆ ಬಂದ. ಅಷ್ಟರಲ್ಲಿ ಹೆಂಗಸರು ಬಂದಾಗಿತ್ತು. ಕಾಂತರಾಜು ಚೆನ್ನಾಗಿವೆ ಅಂದಿದ್ದು ಯಾವುದು ತೋರಿಸಿ ಎಂದು ಕೇಳುತ್ತಿದ್ದರು. ಆಮೇಲೆ ಯಾವ ಹಬ್ಬಕ್ಕೂ ಅವನು ಬೇರೆಯವರನ್ನು ಕರೆಯಲಿಲ್ಲ.

ಸಾವಿನ ಸುದ್ದಿಯನ್ನೂ ಹೇಳುತ್ತಿದ್ದರು. ಅದಕ್ಕೆ ಕಾಸು ಮುಟ್ಟುತ್ತಿರಲಿಲ್ಲ. ಕಹಳೆಗೆ ಹಾಕಿದ ಹೂವು ತೆಗೆದಿಟ್ಟು ಹೋಗುವರು. ವಾಪಸ್ಸು ಬಂದು ಬಾಗಿಲಲ್ಲಿ ಕಾಲು ತೊಳೆದು, ಕಹಳೆಗೂ ನೀರು ಚಿಮುಕಿಸಿ, ಹೂವು ಮತ್ತೆ ಹಾಕಿ, ಬೇಕರಿ ಸುದ್ದಿಗೆ ಹೊರಡುವರು. ಯಾರು, ಯಾರ ಮಗ, ಎಷ್ಟು ಹೊತ್ತಿಗೆ ಮಣ್ಣು ಎಂದು ನಿಧಾನವಾಗಿ ಹೇಳುವರು. ಆ ಸುದ್ದಿಗೆ ಮಾತ್ರ ಎಲ್ಲಿ ಎಂದು ಕೇಳುತ್ತಿರಲಿಲ್ಲ.

ಅವರು ಹೋದಾಗ ಊರಿಗೆ ಹೇಳುವವರು ಇರಲಿಲ್ಲ. ಆಟೋ ಬಾಗಿಲಲ್ಲೇ ನಿಂತಿತ್ತು. ಬಾಯಿಂದ ಬಾಯಿಗೆ ಗೊತ್ತಾಗಿ, ಎಷ್ಟೋ ಜನ ಮಣ್ಣಾದ ಮೇಲೆ ಬಂದರು. ಅನಿಲ್‌ಕುಮಾರ್ ಅಂಗಡಿ ಬಾಗಿಲು ಎಳೆದು ಓಡಿ ಬಂದ. ಮುಖ ನೋಡಲು ಸಿಗಲಿಲ್ಲ. ಅದು ನನಗೆ ಇವತ್ತಿಗೂ ಉರಿಯುತ್ತದೆ.

ಯುಗಾದಿ ಹತ್ತಿರ ಬಂತು. ಆಟೋ ಮಾರುವುದು ಎಂದು ತೀರ್ಮಾನವಾಗಿತ್ತು. ಕೊಣನೂರಿನವರೊಬ್ಬರು ನೋಡಿ ಒಪ್ಪಿ ಹೋಗಿದ್ದರು. ಹಬ್ಬ ಕಳೆದ ಮೇಲೆ ಬಂದು ತೆಗೆದುಕೊಂಡು ಹೋಗುತ್ತೇವೆ, ಮೇಲಿನ ಕಹಳೆ ಮಾತ್ರ ಬಿಚ್ಚಿ ಇಡಿ ಎಂದಿದ್ದರು. ಅದನ್ನು ಬಿಚ್ಚುವುದಕ್ಕೆ ನನ್ನ ಕೈ ಬರಲಿಲ್ಲ. ಹೊಳೆನರಸೀಪುರದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಮಗಳು ಮೇಘಶ್ರೀ ಬಂದು ಬಿಚ್ಚುತ್ತೇನೆ ಎಂದಿದ್ದಳು. ಆಟೋ ಓಡಿಸುವುದು ಅವಳಿಗೆ ಅಪ್ಪನೇ ಕಲಿಸಿದ್ದು.

ಹಬ್ಬದ ಹಿಂದಿನ ದಿನ ನಾನೇ ತಿಮ್ಮಪ್ಪನವರ ಮನೆಗೆ ಹೋದೆ. ನಮ್ಮ ಕಡೆಯ ಹೊನ್ನಾರು ಅವರ ಉಸ್ತುವಾರಿ. ಹೊನ್ನಾರು ಎಂದರೆ ಯುಗಾದಿ ಬೆಳಿಗ್ಗೆ ಊರಿನ ಎತ್ತುಗಳೆಲ್ಲ ಒಂದೇ ಹೊಲಕ್ಕೆ ಬಂದು ವರ್ಷದ ಮೊದಲ ಉಳುಮೆ ಮಾಡುವುದು. ಮುಂದಿನ ನೇಗಿಲು ಯಾರದು ಎಂದು ಪಂಚಾಂಗ ನೋಡಿ ಹೇಳುತ್ತಾರೆ. ಉಳಿದವರು ಅವನ ಹಿಂದೆ. ಈಗ ಎತ್ತು ಕಡಿಮೆ. ಟ್ರ್ಯಾಕ್ಟರ್ ಇದ್ದವರು ಅದಕ್ಕೇ ಹೂ ಕಟ್ಟಿ ಕೊನೆಯಲ್ಲಿ ಬರುತ್ತಾರೆ. ಆದರೆ ಎಲ್ಲರೂ ಒಂದೇ ಕಡೆ ಹೂಡಬೇಕು. ಒಬ್ಬ ಬೇರೆ ಕಡೆ ಹೂಡಿದರೂ ಊರು ಒಡೆಯಿತು ಎಂದೇ ಅರ್ಥ. ಪ್ರತಿ ವರ್ಷ ಹಿಂದಿನ ದಿನ ಬೀದಿ ಬೀದಿಗೆ ಹೋಗಿ ಹೇಳಿ ಬರುತ್ತಿದ್ದವರು ನಮ್ಮವರು.

“ನಾಳೆ ಒನ್ನಾರುಗೆ ಯಾರು ಕೂಗೋರು?” ಎಂದೆ.

ತಿಮ್ಮಪ್ಪನವರು ಕೆಮ್ಮಿದರು. “ಆಸನದಿಂದ ಒಂದು ಆಟೋ ತರ್ಸಿದೀವಿ ಕಣವ್ವ. ರೆಕಾರ್ಡಿಂಗು. ಅದೇ ಕೂಗ್ಕೊಂಡು ಓಯ್ತದೆ.”

“ಮೈಕು ಮನೇಲೈತೆ. ನಾನೇ ಏಳ್ತೀನಿ.”

ಅವರು ಒಳಗೆ ನೋಡಿದರು. ಸುಬ್ಬಮ್ಮ ಅಲ್ಲೇ ಶಾವಿಗೆ ಒತ್ತಲು ಬಂದಿದ್ದಳು. ಅವಳೇ ಹೇಳಿದಳು.

“ವರ್ಸ ತುಂಬಿಲ್ಲ ಕಣೆ. ಅಬ್ಬದ ಕೆಲ್ಸ. ಊರೋರು ಏನಂದಾರು?”

“ನಾನೇನು ನೇಗ್ಲು ಇಡೀತೀನಾ? ಜಾಗ ಏಳ್ತೀನಿ ಅಷ್ಟೆ.”

“ಮುಂದಿನ ವರ್ಸ ನೋಡುವಾ,” ಎಂದರು ತಿಮ್ಮಪ್ಪನವರು.

ಮುಂದಿನ ವರ್ಷಕ್ಕೆ ಆಟೋ ಎಲ್ಲಿರುತ್ತದೆ. ಎದ್ದು ಬಂದೆ.

ಸಂಜೆ ಹಾಸನದ ಆಟೋ ಬಂತು. ಒಳ್ಳೆಯ ಗಂಡಸಿನ ದನಿ, ಹಿಂದೆ ವಾಲಗ. ಆದರೆ ಅದು ನಿಲ್ಲಲೇ ಇಲ್ಲ. ‘ಸಮಸ್ತ ರೈತ ಬಾಂಧವರಲ್ಲಿ’ ಎನ್ನುವುದು ನಮ್ಮ ಬಾಗಿಲಲ್ಲಿ ಕೇಳಿಸಿತು. ‘ತಮ್ಮ ಎತ್ತುಗಳೊಂದಿಗೆ’ ಎನ್ನುವಷ್ಟರಲ್ಲಿ ತಿರುವು ದಾಟಿತ್ತು. ಉಳಿದದ್ದು ಆಚೆ ಬೀದಿಗೆ ಬಿತ್ತು. ಅಷ್ಟರಲ್ಲಿ ಬಂದಿದ್ದ ಮಗಳಿಗೆ ಹೇಳಿದೆ, ಇದು ಕೆಡುತ್ತದೆ ಎಂದು.

ಯಾಕೆಂದರೆ ಈ ಸಲ ಜಾಗ ಬೇರೆ. ತಲೆತಲಾಂತರದಿಂದ ಹೊನ್ನಾರು ನಡೆದದ್ದು ಕೆರೆ ಕೆಳಗಿನ ಹೊಲದಲ್ಲಿ. ಆ ಹೊಲ ಸೈಟಾಗಿ ಕಲ್ಲು ನೆಟ್ಟಿದ್ದರು. ಅದಕ್ಕೆ ಈ ವರ್ಷ ಗುಡ್ಡದ ಹೊಲ ಎಂದು ಗೊತ್ತು ಮಾಡಿದ್ದರು. ಊರಿನ ಆ ತುದಿ ಒಂದು, ಈ ತುದಿ ಇನ್ನೊಂದು.

ಹಬ್ಬದ ಬೆಳಿಗ್ಗೆ ನಮ್ಮ ಬಾಗಿಲಿಗೆ ತೋರಣವಿಲ್ಲ. ನಾನು ಅವರ ಬಟ್ಟೆ ಮಡಿಸುತ್ತಿದ್ದೆ. ಬಿಸಿಲು ಬೀಳುವ ಹೊತ್ತಿಗೆ ತಿಮ್ಮಪ್ಪನವರು ಓಡಿ ಬಂದರು. ಹೊಸ ಪಂಚೆಗೆ ಕೆಸರು.

“ಮೈಕ್ ತಗಿಯವ್ವ,” ಎಂದರು. “ಅರ್ಧ ಊರು ಗುಡ್ಡದ ತಾವ ನಿಂತದೆ. ಇನ್ನರ್ಧ ಕೆರೆ ಕೆಳಗೆ ಓಗದೆ. ಚಿಕ್ಕಬೀರಯ್ಯ ಸೈಟ್ ಕಲ್ಲು ಕಿತ್ತಾಕ್ತಾವ್ನೆ.”

“ಫೋನ್ ಮಾಡ್ಬೌದಿತ್ತಲ್ಲ.”

“ಎಲ್ಲಾರ ಕೈಲೂ ಎತ್ತಿನ ಅಗ್ಗ ಅವೆ, ಯಾವನು ತಗೀತಾನೆ? ವಾಟ್ಸಾಪ್ ಗ್ರೂಪ್ನಲ್ಲಿ ಒಬ್ಬೊಬ್ಬ ಒಂದೊಂದು ಜಾಗ ಆಕವ್ನೆ. ಈ ಸಲ ಮುಂದಿನ ನೇಗ್ಲು ಚಿಕ್ಕಬೀರಯ್ಯಂದೇ ಬಂದದೆ. ಅವ್ನು ಅಲ್ಲೇ ಊಡ್ಬುಟ್ರೆ ಒನ್ನಾರು ಎರಡಾಯ್ತದೆ. ಗುಡ್ಡದ ತಾವ ಇರೋರು ಆಗ್ಲೇ ನಾವೇ ಸುರು ಮಾಡ್ತೀವಿ ಅಂತ ಕುಂತವ್ರೆ.”

ನಾನು ಎದ್ದೆ. “ವರ್ಸ ತುಂಬಿಲ್ಲ ತಿಮ್ಮಪ್ಪಣ್ಣ.”

ಅವರು ತಲೆ ತಗ್ಗಿಸಿದರು. “ಅದುನ್ನ ಆಮ್ಯಾಕೆ ಬಯ್ಯಿ. ಈಗ ಬಾ.”

ಮೇಘಶ್ರೀ ಆಗಲೇ ಆಟೋದಲ್ಲಿ ಕೂತಿದ್ದಳು. ಎರಡು ತಿಂಗಳಿಂದ ನಿಂತ ಗಾಡಿ. ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಯಿತು. ಕಹಳೆಯ ಮೇಲೆ ಒಣಗಿದ ಹೂವು ಹಾಗೇ ಇತ್ತು. ತೆಗೆದೆ. ತಂಬಿಗೆಯ ನೀರು ಚಿಮುಕಿಸಿದೆ. ಹೊಸ ಹೂವು ನಮ್ಮ ಮನೆಯಲ್ಲಿ ಇರಲಿಲ್ಲ.

“ಆಟೋ ಓಡಿಸ್ತಾ ಕೂಗ್ಬುಡಮ್ಮ, ಟೈಮಿಲ್ಲ,” ಎಂದಳು ಮಗಳು.

“ನಿಲ್ಸು. ಬೀದಿ ಮಧ್ಯ. ಎಂಜಿನ್ ಆಫ್ ಮಾಡು.”

ಆಫ್ ಮಾಡಿದಳು. ಮೈಕ್ ಹಿಡಿದಾಗ ಅವರ ಬೆರಳು ಸವೆಸಿದ ಜಾಗಕ್ಕೇ ನನ್ನ ಬೆರಳು ಹೋಯಿತು. ಬೀದಿಯಲ್ಲಿ ರಂಗೋಲಿ ಹಾಕುತ್ತಿದ್ದವರು ಎದ್ದು ನಿಂತು ನೋಡುತ್ತಿದ್ದರು. ಸುಬ್ಬಮ್ಮ ಜಗಲಿಯಲ್ಲಿ ಮೊರ ಹಿಡಿದು ನಿಂತಿದ್ದಳು.

ಹೇಳಿದೆ. ಹೊನ್ನಾರು ಕೆರೆ ಕೆಳಗೆ ಅಲ್ಲ, ಗುಡ್ಡದ ಹೊಲದಲ್ಲಿ. ಎತ್ತು ಯಾವ ಬೀದಿಯಲ್ಲಿದ್ದರೂ ಅತ್ತ ತಿರುಗಿಸಿ. ನಿಮ್ಮ ಮನೆಯ ಗಂಡಸರು ಕೆರೆ ಕೆಳಗೆ ಹೋಗಿದ್ದರೆ ಓಡಿ ಹೋಗಿ ಕರೆದು ತನ್ನಿ. ಚಿಕ್ಕಬೀರಯ್ಯ ಬರುವ ತನಕ ಯಾರೂ ಹೂಡಬೇಡಿ. ಇನ್ನೊಂದು ಸಲ ಅದನ್ನೇ ಹೇಳಿದೆ. ಆಮೇಲೆ ಕೇಳಿದೆ.

“ಎಲ್ಲಿ?”

ಎಲ್ಲರೂ ಸುಬ್ಬಮ್ಮನ ಕಡೆ ನೋಡಿದರು. ನಾನು ಮೈಕ್ ಇಳಿಸಲಿಲ್ಲ. ಬೀದಿ ಜವಾಬು ಕೊಡುವ ತನಕ ಅವರು ಒಂದು ದಿನವೂ ಗಾಡಿ ಹೊರಡಿಸಿದವರಲ್ಲ. ಮತ್ತೆ ಕೇಳಿದೆ.

“ಸುಬ್ಬಕ್ಕ, ಎಲ್ಲಿ?”

ಸುಬ್ಬಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಗುಡ್ಡದ ಒಲದಲ್ಲಿ ಕಣೆ. ಕೇಳುಸ್ತು. ಓಗು ಮುಂದಕ್ಕೆ.” ಹೇಳಿದವಳು ಅಲ್ಲೇ ನಿಲ್ಲಲಿಲ್ಲ. ಗಾಡಿಯ ಹತ್ತಿರ ಬಂದು ತನ್ನ ಮುಡಿಯ ಮಲ್ಲಿಗೆ ತೆಗೆದು ಕಹಳೆಗೆ ಸಿಕ್ಕಿಸಿದಳು. ಬೀದಿಯ ಹುಡುಗಿಯರು ಆಗಲೇ ಕೆರೆ ಕಡೆ ಓಡುತ್ತಿದ್ದರು.

ಪ್ರತಿ ಬೀದಿಯಲ್ಲೂ ನಿಂತೆವು. ಪ್ರತಿ ಬೀದಿಯೂ ಜವಾಬು ಕೊಟ್ಟಿತು. ಪೇಟೆ ಬೀದಿಯಲ್ಲಿ ಅನಿಲ್‌ಕುಮಾರ್ ಅಂಗಡಿ ಮೆಟ್ಟಿಲ ಮೇಲಿಂದ ಕೂಗಿದ. ಕೊನೆಗೆ ಕೆರೆ ಕೆಳಗೆ ಹೋದೆವು. ಚಿಕ್ಕಬೀರಯ್ಯ ನೊಗ ಕಟ್ಟಿ ನೇಗಿಲು ನೆಲಕ್ಕೆ ಇಟ್ಟಾಗಿತ್ತು. ಇನ್ನೂ ಸಾಲು ಹೊಡೆದಿರಲಿಲ್ಲ.

“ಇಲ್ಲೇ ನಮ್ಮಪ್ಪ ಉತ್ತಿದ್ದು, ನಮ್ತಾತ ಉತ್ತಿದ್ದು,” ಎಂದ. “ಆ ರೆಕಾರ್ಡಿಂಗ್ ನನ್ಮಗ ಎಲ್ಲಿ ಅಂತ್ಲೇ ಏಳ್ನಿಲ್ಲ. ನಾನೇನು ಕನ್ಸು ಕಾಣ್ಲಾ?”

“ಗುಡ್ಡದ ಒಲ ಚಿಕ್ಕಬೀರಣ್ಣ.”

“ಆಸನದವ್ನು ಏಳಿದ್ರೆ ಬತ್ತಿರ್ನಿಲ್ಲ. ತಿಮ್ಮಪ್ಪ ಬಂದು ಬಯ್ದ, ಅದುಕ್ಕೂ ಜಗ್ನಿಲ್ಲ.” ಎತ್ತಿನ ಹಗ್ಗ ಎಳೆದ. “ಕಾಂತರಾಜನ ಮೈಕು ಸುಳ್ಳೇಳಾಕಿಲ್ಲ. ನಡೀರ್ಲಾ ಎಲ್ಲಾ.”

ಅವನ ಬಿಳಿ ಎತ್ತುಗಳು ಮುಂದೆ, ಊರಿನ ನಡುವೆ ಹಾದು ಹೋದವು. ಹಿಂದೆ ಉಳಿದ ಜೋಡಿಗಳು. ಅವುಗಳ ಹಿಂದೆ ಹೂ ಕಟ್ಟಿದ ಟ್ರ್ಯಾಕ್ಟರ್. ಹೆಂಗಸರು ಬಾಗಿಲು ಬಾಗಿಲಲ್ಲಿ ಎತ್ತಿನ ಕಾಲಿಗೆ ನೀರು ಹಾಕಿದರು. ನಾನು ಹೊಲಕ್ಕೆ ಹೋಗಲಿಲ್ಲ. ತಿರುವಿನಲ್ಲಿ ಆಟೋ ನಿಲ್ಲಿಸಿಕೊಂಡು ಕೂತೆ. ಗುಡ್ಡದ ಮೇಲೆ ನೇಗಿಲುಗಳು ಒಂದೇ ಸಾಲಿನಲ್ಲಿ ಹೋಗುವುದು ಅಲ್ಲಿಗೇ ಕಾಣುತ್ತಿತ್ತು. ಅವರು ಇದ್ದಾಗಲೂ ನಾವು ಹೀಗೇ ಆಟೋದಲ್ಲಿ ಕೂತು ನೋಡುತ್ತಿದ್ದೆವು.

ಹಬ್ಬ ಕಳೆದು ಕೊಣನೂರಿನವರು ಆಟೋಗೆ ಬಂದರು. ಕೊಡುವುದಿಲ್ಲ ಎಂದೆ. ಗೊಣಗಿಕೊಂಡು ಹೋದರು. ಹೊಳೆನರಸೀಪುರದ ಅಂಗಡಿಯನ್ನು ಇಲ್ಲಿಗೇ ತರುತ್ತೇನೆ, ಬೆಳಿಗ್ಗೆ ಆಟೋ, ಮಧ್ಯಾಹ್ನ ಹೊಲಿಗೆ ಎಂದು ಮೇಘಶ್ರೀ ಹೇಳಿದಳು. ಅವಳಿಗೂ ಅಪ್ಪನ ಹಠ.

ಕೊಣನೂರಿನವರ ಹಿಂದೆಯೇ ಅನಿಲ್‌ಕುಮಾರ್ ಬಂದ. ಬಾಗಿಲಲ್ಲೇ ನಿಂತ.

“ರಾಮನವಮಿ ಸೇಲು ಮಾಡ್ತಿದೀನಿ. ಅರ್ಧ ಬೆಲೆ ಅಂತ ಏಳ್ಬೇಕು.”

“ಯಾವುದುಕ್ಕೆ?”

ಅವನು ನಕ್ಕ. ನಗುತ್ತಾ ಕಣ್ಣು ಒರೆಸಿಕೊಂಡ. ನಾನು ಚಪ್ಪಲಿ ಮೆಟ್ಟಿದೆ.

“ಅಂಗ್ಡಿ ಬಾಗ್ಲು ತಗಿ ನಡಿ. ನೋಡ್ಬುಟ್ಟು ಏಳ್ತೀನಿ.”