ಹಿಂದಿನ ಚಕ್ರಕ್ಕೆ ದಾರ ಕಟ್ಟುವ ಪುಟ್ಟಮಲ್ಲಪ್ಪ

ಕಾರಿನ ಹಿಂದಿನ ಚಕ್ರವನ್ನು ಹಿಡಿದಿಡುವ ಲಿಂಕ್ ಹೊಸದಾದರೆ ಎರಡು ಸಾವಿರದ ಮೇಲೆ. ಅದರ ತುದಿಯ ರಬ್ಬರ್ ಬುಷ್ ಮಾತ್ರ ಬದಲಿಸಿದರೆ ನಾನೂರು, ಪುಟ್ಟಮಲ್ಲಪ್ಪನವರ ಕೂಲಿ ಮುನ್ನೂರು. ಬೆಟ್ಟಕ್ಕೆ ಓಡುವ ಟ್ಯಾಕ್ಸಿಗಳು ಕೊಳ್ಳೇಗಾಲದ ಅವರ ಶೆಡ್ಡಿಗೆ ಬರುತ್ತಿದ್ದದ್ದು ಈ ಲೆಕ್ಕಕ್ಕೆ. ಈಗ ಖಾಯಂ ಬರುವವರು ಶಾಗ್ಯದ ಮಾದು ಒಬ್ಬರೇ.

ಬೆಳಗಿನ ಆರು ಗಂಟೆ. ಬುಷ್ ಬದಲಿಸಿದ ಮಾದು ಅವರ ಕಾರಿನ ಎರಡೂ ಪಕ್ಕ, ಚಕ್ರದ ನೇರ ಅಳೆಯಲು, ದಾರ ಕಟ್ಟಿದೆ. ಬುಷ್ ಸವೆದು ಲಿಂಕ್ ಜರುಗಿದರೆ ಚಕ್ರ ಓರೆಯಾಗುತ್ತದೆ. ಆಮೇಲೆ ಮುಂದಿನ ಚಕ್ರಗಳನ್ನು ಎಷ್ಟು ಸರಿಮಾಡಿದರೂ ಸ್ಟೇರಿಂಗ್ ನೆಟ್ಟಗೆ ನಿಲ್ಲದು. ತಿರುವಿನಲ್ಲಿ ಕಾರಿನ ಹಿಂಭಾಗ ಆಚೆಗೆ ಎಳೆಯುತ್ತದೆ. ಹಿಂದಿನ ಚಕ್ರದ ಮುಂದಿನ ಅಂಚು, ಅದರ ಹಿಂದಿನ ಅಂಚಿಗಿಂತ ಕೂದಲೆಳೆಯಷ್ಟು ದಾರದಿಂದ ಒಳಗಿರಬೇಕು.

ಸಕ್ಕರೆ ಕಾಯಿಲೆ ಪುಟ್ಟಮಲ್ಲಪ್ಪನವರ ಕಣ್ಣು ತಿಂದಿದೆ. ಹೋದ ದೃಷ್ಟಿ ಮರಳದು ಎಂದಿದ್ದಾರೆ ಡಾಕ್ಟರು. ದಾರದಿಂದ ಚಕ್ರದ ಅಂಚಿಗೆ ಸ್ಕೇಲು ಹಿಡಿದು ಅಳತೆ ನೋಡುವವರು ಈಗ ಹೆಂಡತಿ ಪುಟ್ಟಗೌರಮ್ಮ.

"ಮುಂದ್ಗಡೆ ಅಂಚ್ಗೆ ಅದ್ನೆಂಟು ಮಿಲಿ, ಇಂದ್ಗಡೆ ಅಂಚ್ಗೆ ಇಪ್ಪತ್ತು. ಚಕ್ರ ಆಚ್ಗೆ ತಿರುಕ್ಕಂಡದೆ," ಎನ್ನುತ್ತಾರೆ ಆಕೆ.

"ಸುಮ್ನಿರಮ್ಮಿ, ನಂಗೇ ಏಳ್ಕೊಡಕ್ ಬಂದ್ಲು! ಸರಿಯಾಗೇ ಅದೆ."

ಜಾಕಿಯ ಮೇಲಿದ್ದ ಕಾರು ನೆಲಕ್ಕಿಳಿಯುತ್ತದೆ. ಪಕ್ಕದ ಟೀ ಅಂಗಡಿಯ ನಾಲ್ವರನ್ನು ಕರೆದು ಒಳಗೆ ಕೂರಿಸಿ, ನೋಡುತ್ತ ನಿಂತ ನನಗೆ ಪುಟ್ಟಮಲ್ಲಪ್ಪ ಹೇಳುತ್ತಾರೆ: "ಜಾಕಿ ಮ್ಯಾಲೆ ಬಿಗುದ್ರೆ ಬುಷ್ಷು ತಿರುಚ್ಕತದೆ ಸಾ. ಜನುದ್ ಬಾರ ಒತ್ಕಂಡು ನಿಂತಾಗ್ಲೇ ಬಿಗೀಬೇಕು."

"ಕಾಸಿಲ್ದೆ ಟ್ಯಾಕ್ಸಿ ಅತ್ತುದ್ವಿ ಕಣ್ಲಾ, ಮುಂದಕ್ ಮಾತ್ರ ಓಯ್ತಿಲ್ಲ!" ಒಳಗಿನಿಂದ ನಗೆ.

ಬೋಲ್ಟು ಬಿಗಿದ ಮೇಲೆ ಓಡಿಸಿ ನೋಡಲು ಮುಳ್ಳೂರಿನ ಕಡೆ ಹೋದ ಮಾದು ಅರ್ಧ ಗಂಟೆಯಲ್ಲೇ ವಾಪಸ್. "ತಿರುವ್ನಲ್ಲಿ ಇಂದ್ಗಡೆ ಎಳ್ದಾಕ್ತದೆ ಕಣಣ್ಣ! ಸೀಟು ತುಂಬ್ಕಂಡು ಬೆಟ್ಟಕ್ ಓಗಿದ್ರೆ ಏನ್ ಗತಿ?"

ಪುಟ್ಟಮಲ್ಲಪ್ಪ ಬೋಲ್ಟು ಸಡಿಲಿಸಿ ಹೆಂಡತಿಯತ್ತ ತಿರುಗುತ್ತಾರೆ. ಆಕೆ ಸ್ಕೇಲು ನೋಡಿ ಹೇಳಿದಷ್ಟು ಚಕ್ರ ಒಳಕ್ಕೆ ತಿರುಗಿಸಿ, ಮತ್ತೆ ಜನ ಕೂರಿಸಿ ಬಿಗಿಯುತ್ತಾರೆ. ಈ ಸಲ ಒಂದು ಸುತ್ತು ಓಡಿಸಿ ಬಂದ ಮಾದು ಸರಿಯಾಯಿತೆಂದು ತಲೆಯಾಡಿಸುತ್ತಾರೆ. ದುಡ್ಡು ಕೊಟ್ಟು ಅನುಮಾನಿಸುತ್ತ ನಿಲ್ಲುತ್ತಾರೆ.

"ತಪ್ ತಿಳ್ಕಬೇಡಣ್ಣ. ಇನ್ಮ್ಯಾಕೆ ಈ ಕೆಲ್ಸುಕ್ಕೆ ಮೈಸೂರ್ಗೇ ಓಯ್ತೀನಿ."

"ಈಗ ಸರಿಯಾಗಿದ್ದು ನಾನ್ ನೋಡಿದ್ಕಲ್ವಾ?" ಪುಟ್ಟಗೌರಮ್ಮ ಕೇಳುತ್ತಾರೆ.

"ನೀನ್ ಏಳುದ್ದು ಸರೀನೇ ಗೌರಕ್ಕ. ಮೊದ್ಲು ಅಣ್ಣನೇ ಕೇಳ್ನಿಲ್ವಲ್ಲ!"

ಪುಟ್ಟಮಲ್ಲಪ್ಪ ದಾರ ಸುತ್ತುತ್ತ ಕೂರುತ್ತಾರೆ. "ಅವಳ್ ಕಣ್ಣು ಚೆನ್ನಾಗದೆ ಸಾ," ಎನ್ನುತ್ತಾರೆ ನನಗೆ. "ಒಪ್ಕಳಕ್ಕೆ ನಂಗೇ ಆಗ್ನಿಲ್ಲ."

ಮಾದು ಅವರ ಕಾರು ನೆಟ್ಟಗೆ ಓಡುತ್ತಿದೆ. ಗಂಡಹೆಂಡಿರ ಕೊನೆಯ ಗಿರಾಕಿ ಹೋದರು.